ಸ್ಟಾರ್ ಬೋರ್ಡಿಗಲ್ಲ, ಫ್ರೀಜರಿಗೆ

ಬೇಸಿಗೆ ಕಾಲಿಟ್ಟರೆ ಈ ಅಂಕಣಕ್ಕೆ ಐಸ್‌ಕ್ರೀಂ ಬಗ್ಗೆ ಪ್ರಶ್ನೆಗಳು ಬಂದೇ ಬರುತ್ತವೆ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಎರಡೇ ವಿಷಯ ಹಿಡಿದಿದ್ದವು. ಚೈನ್ ಅಂಗಡಿಗಳು ಯಾವ ಊರಿಗೆ ಬರುತ್ತವೆ, ಯಾವ ಊರನ್ನು ಬಿಟ್ಟು ಹೋಗುತ್ತವೆ? ಮೊಬೈಲಿನಲ್ಲಿ ಕಾಣುವ ಸ್ಟಾರ್‌ಗಳನ್ನು ಎಷ್ಟು ನಂಬಬೇಕು? ಹಾಸನದಲ್ಲಿ ಐಸ್‌ಕ್ರೀಂ ಏಜೆನ್ಸಿ ಇಟ್ಟುಕೊಂಡು ಸಕಲೇಶಪುರದಿಂದ ಕಡೂರಿನವರೆಗೆ ಗಾಡಿ ಕಳಿಸಿದವಳು ನಾನು. ಆ ವ್ಯವಹಾರ ಕಲಿಸಿದ್ದನ್ನೇ ನೆಚ್ಚಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಬಿ.ಕಾಂ. ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗೆಂದು ಒಂದು ಐಸ್‌ಕ್ರೀಂ ಚೈನಿನ ಅಂಗಡಿಗಳು ಎಲ್ಲೆಲ್ಲಿವೆ, ಯಾವುದಕ್ಕೆ ಎಷ್ಟು ಸ್ಟಾರ್ ಬಿದ್ದಿದೆ ಎಂದು ಪಟ್ಟಿ ಮಾಡಿದೆ. ಬೆಂಗಳೂರಿನಲ್ಲಿ ಬಡಾವಣೆಗೊಂದು, ಹಾಸನದಲ್ಲಿ ಎರಡು, ಚಿಕ್ಕಮಗಳೂರಿನಲ್ಲಿ ಒಂದು. ಕೊಪ್ಪ, ಶೃಂಗೇರಿ ಕಡೆ ಒಂದೂ ಇಲ್ಲ. ನಮ್ಮ ಕಡೆಯವರು ಐಸ್‌ಕ್ರೀಂ ತಿನ್ನುವುದಿಲ್ಲ ಅಂತ ಅವರು ತೀರ್ಮಾನ ಮಾಡಿಬಿಟ್ಟಿದ್ದಾರಾ?
(ಓದುಗರು, ಕೊಪ್ಪ)

ಉತ್ತರ: ಇಲ್ಲಮ್ಮ. ಮಲೆನಾಡಿನ ಮದುವೆ ಊಟದ ಕೊನೆಗೆ ಐಸ್‌ಕ್ರೀಂ ಬರದಿದ್ದರೆ ಹುಡುಗಿ ಕಡೆಯವರ ಮರ್ಯಾದೆ ಉಳಿಯುತ್ತದೆಯೇ? ತಿನ್ನುವವರಿದ್ದಾರೆ. ನಿಮ್ಮ ಪಟ್ಟಿಯನ್ನು ಗಾಡಿ ಓಡುವ ದಾರಿಯ ನಕ್ಷೆ ಅಂತ ಓದಿ ನೋಡಿ, ಆಗ ಅರ್ಥ ಆಗುತ್ತದೆ.

ಐಸ್‌ಕ್ರೀಂ ಕಾರ್ಖಾನೆ ಬಿಟ್ಟ ಮೇಲೆ ಅಂಗಡಿ ಸೇರುವವರೆಗೂ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರಬೇಕು. ಕಾರ್ಖಾನೆ, ಊರ ಹೊರಗಿನ ಕೋಲ್ಡ್ ಸ್ಟೋರೇಜ್, ಗಾಡಿ, ಅಂಗಡಿಯ ಡೀಪ್ ಫ್ರೀಜರ್, ಇದರಲ್ಲಿ ಒಂದು ಕೊಂಡಿ ಕಳಚಿದರೂ ಮಾಲು ಹಾಳು. ಗಾಡಿ ಪೂರ್ತಿ ತುಂಬಿದ್ದರೂ ಅಷ್ಟೇ ಡೀಸೆಲ್, ಅರ್ಧ ತುಂಬಿದ್ದರೂ ಅಷ್ಟೇ ಡೀಸೆಲ್. ಡ್ರೈವರ್ ಬಾಟಾ ಅಷ್ಟೇ. ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರಿಗೆ ಹೊರಟರೆ ದಾರಿಯುದ್ದಕ್ಕೂ ಬೇಕರಿ, ಹೋಟೆಲು, ಜನರಲ್ ಸ್ಟೋರು ಸಿಗುತ್ತಲೇ ಇರುತ್ತವೆ, ಲೋಡು ಇಳಿಯುತ್ತಲೇ ಇರುತ್ತದೆ. ಆಲ್ದೂರು, ಬಾಳೆಹೊನ್ನೂರು ದಾಟಿ ಕೊಪ್ಪದ ಕಡೆ ಹೊರಳಿದರೆ ತೋಟ, ತಿರುವು, ಮತ್ತೆ ತೋಟ. ಒಂದು ಅಂಗಡಿಗೂ ಇನ್ನೊಂದಕ್ಕೂ ನಡುವೆ ಬರೀ ಕಿಲೋಮೀಟರು. ಜೂನ್ ಬಂದರೆ ಮರ ಬಿದ್ದು ಲೈನ್ ಹೋಗುತ್ತದೆ, ಫ್ರೀಜರ್ ತುಂಬಾ ಮಾಲಿಟ್ಟುಕೊಂಡ ಅಂಗಡಿಯವರು ಜನರೇಟರಿಗೆ ಡೀಸೆಲ್ ಹುಡುಕುತ್ತಾ ಕೂರಬೇಕು. ಚೈನಿನವರು ಹಿಂಜರಿಯುವುದು ಇಲ್ಲಿ.

ಇನ್ನೊಂದು ಸಂಗತಿ. ಇಂಥ ಚೈನ್ ಮಾಲೀಕರ ಹುಟ್ಟೂರಿನ ಸುತ್ತ ಬೆಳೆಯುವುದಿಲ್ಲ, ಮೊದಲ ಅಂಗಡಿ ಮತ್ತು ತಯಾರಿಕೆಯ ಸುತ್ತ ಬೆಳೆಯುತ್ತದೆ. ನ್ಯಾಚುರಲ್ಸ್ ಕಟ್ಟಿದ ರಘುನಂದನ್ ಕಾಮತ್ ನಮ್ಮ ಮೂಲ್ಕಿ ಕಡೆಯ ಹಣ್ಣಿನ ವ್ಯಾಪಾರಿಯ ಮಗ. ಆದರೆ ಅಂಗಡಿ ತೆರೆದದ್ದು 1984ರಲ್ಲಿ ಮುಂಬೈಯ ಜುಹುವಿನಲ್ಲಿ, ಹಾಗಾಗಿ ಅದು ಹರಡಿದ್ದೂ ಅಲ್ಲಿಂದಲೇ. 1982ರಲ್ಲಿ ಶುರುವಾದ ಕಾರ್ನರ್ ಹೌಸ್ ಬಹುಪಾಲು ಬೆಂಗಳೂರಿನಲ್ಲೇ ಉಳಿದುಕೊಂಡು ಹೆಸರು ಮಾಡಿತು. ಅದಕ್ಕೆ ತದ್ವಿರುದ್ಧ ದಾರಿ ಹಿಡಿದದ್ದು ಅರುಣ್. ಆರ್.ಜಿ. ಚಂದ್ರಮೋಗನ್ 1970ರಲ್ಲಿ ಚೆನ್ನೈಯಲ್ಲಿ ಆರಂಭಿಸಿದ ಆ ಕಂಪನಿ, ನಗರದಲ್ಲಿ ದೊಡ್ಡ ಬ್ರಾಂಡ್‌ಗಳ ಜೊತೆ ಗುದ್ದಾಡುವ ಬದಲು ತಮಿಳುನಾಡಿನ ಸಣ್ಣ ಪಟ್ಟಣಗಳಿಗೆ ಹೋಯಿತು. ಅಲ್ಲಿ ತನ್ನದೇ ಹೆಸರಿನ ಪಾರ್ಲರ್‌ಗಳನ್ನು ತೆರೆಸಿ, ಆಮೇಲೆ ನಗರಕ್ಕೆ ಬಲವಾಗಿ ತಿರುಗಿತು. ನಿಮ್ಮ ಪ್ರಾಜೆಕ್ಟ್‌ನಲ್ಲಿ ಈ ಎರಡು ದಾರಿಗಳನ್ನು ಪಕ್ಕಪಕ್ಕ ಇಟ್ಟು ಬರೆಯಿರಿ, ಮೇಷ್ಟ್ರು ಮೆಚ್ಚುತ್ತಾರೆ.

ನಮ್ಮ ಹಾಸನದ ಅದೃಷ್ಟ ಅಂದರೆ ಬಿ.ಎಂ. ರಸ್ತೆ. ಪೂರ್ವಕ್ಕೆ ಬೆಂಗಳೂರು, ಪಶ್ಚಿಮಕ್ಕೆ ಶಿರಾಡಿ ಇಳಿದರೆ ಮಂಗಳೂರು. ಅತ್ತ ರಾಜಧಾನಿಯ ಬ್ರಾಂಡೂ ಬರುತ್ತದೆ, ಇತ್ತ ಕರಾವಳಿಯ ಐಡಿಯಲ್, ಹ್ಯಾಂಗ್ಯೋ ತರಹದವು ಘಾಟಿ ಹತ್ತುವುದಕ್ಕೂ ದಾರಿಯಿದೆ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದರೆ ಮಾತ್ರ ಆ ಕಡೆಯ ಮಾಲಿಗೆ ಕಾಯಬೇಕು. ಸಾಲದ್ದಕ್ಕೆ ನಂದಿನಿ ಐಸ್‌ಕ್ರೀಂ ಹಾಸನದ ಡೇರಿಯಲ್ಲೇ ತಯಾರಾಗುತ್ತದೆ. ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆ ಆ ಡೇರಿ ನಡೆಸುವ ಹಾಲು ಒಕ್ಕೂಟದ ವ್ಯಾಪ್ತಿಗೆ ಬರುತ್ತವೆ. ಆದ್ದರಿಂದ ನಿಮ್ಮ ನಕ್ಷೆಯಲ್ಲಿ ಜನಸಂಖ್ಯೆ ಜೊತೆಗೆ ಒಂದು ಕಾಲಂ ಸೇರಿಸಿ: ಹತ್ತಿರದ ಕೋಲ್ಡ್ ಸ್ಟೋರೇಜಿಗೆ ಎಷ್ಟು ದೂರ. ಅದೊಂದೇ ಕಾಲಂ ನಿಮಗೆ ಅರ್ಧ ಉತ್ತರ ಕೊಡುತ್ತದೆ.

ಪ್ರಶ್ನೆ: ಮಕ್ಕಳನ್ನು ಭಾನುವಾರ ಐಸ್‌ಕ್ರೀಂಗೆ ಕರೆದುಕೊಂಡು ಹೋಗಬೇಕು. ವಿದ್ಯಾನಗರದಲ್ಲಿ ಹೊಸದಾಗಿ ತೆರೆದ ಅಂಗಡಿಗೆ 4.9, ಆದರೆ ಸ್ಟಾರ್ ಕೊಟ್ಟವರು ಬರೀ 12 ಜನ. ಸಾಲಗಾಮೆ ರಸ್ತೆಯ ಹಳೆಯದಕ್ಕೆ 4.3, ಕೊಟ್ಟವರು 640 ಜನ. ಯಾವುದಕ್ಕೆ ಹೋಗಲಿ?
(ಓದುಗರು, ಹಾಸನ)

ಉತ್ತರ: ಲೆಕ್ಕ ಹಾಕಿಯೇ ಹೇಳುತ್ತೇನೆ, ಕಷ್ಟದ್ದಲ್ಲ.

12 ಜನರಲ್ಲಿ 11 ಜನ ಐದು, ಒಬ್ಬರು ನಾಲ್ಕು ಕೊಟ್ಟಿದ್ದಾರೆ ಅನ್ನಿ. ಒಟ್ಟು 59, ಹನ್ನೆರಡರಿಂದ ಭಾಗಿಸಿದರೆ 4.9. ನಾಳೆ ಬೈಕ್ ನಿಲ್ಲಿಸಲು ಜಾಗ ಸಿಗದೆ ಸಿಟ್ಟಾದವರೊಬ್ಬರು ಒಂದು ಸ್ಟಾರ್ ಒತ್ತಿದರೆ ಅದು ಒಂದೇ ಏಟಿಗೆ 4.6ಕ್ಕೆ ಇಳಿಯುತ್ತದೆ. 640 ಜನರ ಅಂಗಡಿಗೆ ಅದೇ ಒಂದು ಸ್ಟಾರ್ ಬಿದ್ದರೆ 4.3 ಇದ್ದದ್ದು 4.3 ಆಗಿಯೇ ಇರುತ್ತದೆ. ಅಂದರೆ ಮೊದಲ ಸಂಖ್ಯೆಗೆ ಇನ್ನೂ ಬೇರು ಇಳಿದಿಲ್ಲ.

ಸಂಖ್ಯಾಶಾಸ್ತ್ರದವರು ಇದಕ್ಕೊಂದು ಉಪಾಯ ಮಾಡುತ್ತಾರೆ. ಪ್ರತಿ ಅಂಗಡಿಗೂ ಸಾಧಾರಣ ದರ್ಜೆಯ ಕೆಲವು ಸ್ಟಾರ್‌ಗಳನ್ನು ಮೊದಲೇ ಸೇರಿಸಿಬಿಡುವುದು. ಇಪ್ಪತ್ತು ಜನ ತಲಾ ನಾಲ್ಕು ಕೊಟ್ಟಿದ್ದಾರೆ ಎಂದು ಇಬ್ಬರಿಗೂ ಸೇರಿಸೋಣ. ಹೊಸ ಅಂಗಡಿ: 59 ಮತ್ತು 80 ಕೂಡಿ 139, ಅದನ್ನು 32ರಿಂದ ಭಾಗಿಸಿದರೆ 4.34. ಹಳೆಯದು: 2,752 ಮತ್ತು 80 ಕೂಡಿ 2,832, ಅದನ್ನು 660ರಿಂದ ಭಾಗಿಸಿದರೆ 4.29. ನೋಡಿದಿರಾ, ಅಷ್ಟು ದೊಡ್ಡದಾಗಿ ಕಂಡ ಅಂತರ ಹೆಚ್ಚುಕಡಿಮೆ ಮಾಯ. ಈ ಅಂಕಿಗಳನ್ನು ನೋಡಿ ಯಾವುದನ್ನೂ ಬಿಡುವಂತಿಲ್ಲ.

ಸ್ಟಾರ್ ಬದಲು ಬರಹ ಓದಿ. ಬಹಳ ಖುಷಿಯಾದವರು, ಬಹಳ ಸಿಟ್ಟಾದವರು ಬರೆಯುತ್ತಾರೆ. ಸುಮಾರಾಗಿತ್ತು ಅನ್ನಿಸಿದವರು ಬಾಯಿ ಒರೆಸಿಕೊಂಡು ಮನೆಗೆ ಹೋಗುತ್ತಾರೆ. ಹಾಗಾಗಿ ಐದು ಮತ್ತು ಒಂದರ ರಾಶಿ ಎತ್ತರ, ನಡುವೆ ತಗ್ಗು. ಆ ತಗ್ಗಿನಲ್ಲಿರುವ ಮೂರು ಸ್ಟಾರಿನವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ‘ರುಚಿ ಚೆನ್ನಾಗಿದೆ, ಆದರೆ ಕಪ್ ಅರ್ಧ ಕರಗಿತ್ತು’ ಎಂಬಂಥ ವಾಕ್ಯ ಅಲ್ಲೇ ಸಿಗುವುದು. ಹೊಸದರಿಂದ ಹಳೆಯದಕ್ಕೆ ಓದಿ. ಎರಡು ವರ್ಷದ ಹಿಂದಿನ ಹೊಗಳಿಕೆ ಈಗಿನ ಫ್ರೀಜರಿಗೆ ಸಂಬಂಧಿಸಿದ್ದಲ್ಲ.

ಪ್ರಶ್ನೆ: ಹಾಸನದಲ್ಲಿ ತಿಂದರೆ ಬೆಣ್ಣೆಯಂತೆ ಇರುವ ಅದೇ ಬ್ರಾಂಡಿನ ವೆನಿಲ್ಲಾ ನಮ್ಮೂರಿನ ಅಂಗಡಿಯಲ್ಲಿ ಕರಕರ ಅನ್ನುತ್ತದೆ. ಸಣ್ಣ ಊರಿಗೆ ಕಂಪನಿಯವರು ಎರಡನೇ ದರ್ಜೆ ಮಾಲು ಕಳಿಸುತ್ತಾರಾ?
(ಓದುಗರು, ಸಕಲೇಶಪುರ)

ಉತ್ತರ: ಈ ಅನುಮಾನ ಬಹಳ ಜನರಿಗಿದೆ. ನನ್ನ ಗಾಡಿಗೆ ಲೋಡು ಮಾಡುವಾಗ ಹಾಸನಕ್ಕೊಂದು ಪೆಟ್ಟಿಗೆ, ಸಕಲೇಶಪುರಕ್ಕೆ ಬೇರೊಂದು ಪೆಟ್ಟಿಗೆ ಅಂತ ಇರಲಿಲ್ಲ. ಒಂದೇ ಬ್ಯಾಚು. ಕೆಡುವುದು ಆಮೇಲೆ.

ಐಸ್‌ಕ್ರೀಂನಲ್ಲಿರುವ ನೀರು ಕಾರ್ಖಾನೆಯಲ್ಲಿ ಕಡೆಯುತ್ತಾ ಬೇಗನೆ ಹೆಪ್ಪುಗಟ್ಟುವಾಗ ನಾಲಿಗೆಗೆ ಗೊತ್ತೇ ಆಗದಷ್ಟು ಸಣ್ಣ ಹರಳುಗಳಾಗುತ್ತದೆ. ಹರಳು ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ, ಅಂದರೆ 50 ಮೈಕ್ರಾನ್ ದಾಟಿತೆಂದರೆ ನಾಲಿಗೆ ಹಿಡಿಯುತ್ತದೆ. ಫ್ರೀಜರಿನ ಕರೆಂಟು ಹೋಗಿ ತಣ್ಪು ಇಳಿಯಿತು ಅನ್ನಿ. ಚಿಕ್ಕ ಹರಳುಗಳು ಮೊದಲು ಕರಗುತ್ತವೆ. ಕರೆಂಟು ಬಂದಾಗ ಆ ನೀರು ಹೊಸ ಚಿಕ್ಕ ಹರಳಾಗುವುದಿಲ್ಲ, ಉಳಿದಿರುವ ದೊಡ್ಡ ಹರಳಿಗೆ ಹೋಗಿ ಅಂಟಿಕೊಳ್ಳುತ್ತದೆ. ಹೀಗೆ ನಾಲ್ಕಾರು ಸಲ ಆದರೆ ನೀವು ಹೇಳುವ ಕರಕರ. ಪೂರ್ತಿ ಕರಗಬೇಕೆಂದೇನಿಲ್ಲ, ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತಾ ಒಳಗೊಳಗೇ ಕೆಡುತ್ತದೆ.

ಕಣ್ಣಿಂದಲೇ ಪತ್ತೆ ಮಾಡಬಹುದು. ಕಪ್ಪಿನ ಮುಚ್ಚಳ ತೆಗೆದು ಅದರ ಒಳಮೈ ನೋಡಿ. ಬಿಳಿ ಹಿಮದ ಪುಡಿ ದಪ್ಪಗೆ ಕೂತಿದ್ದರೆ ತಣ್ಪು ಏರಿಳಿದಿದೆ. ಐಸ್‌ಕ್ರೀಂ ಅಂಚಿನಿಂದ ಸರಿದು ಕಪ್ಪಿನ ಗೋಡೆಗೂ ಅದಕ್ಕೂ ನಡುವೆ ಸಂದು ಬಿದ್ದಿದ್ದರೆ ಒಳಗಿನ ಗಾಳಿ ಕುಸಿದಿದೆ. ಕೋನ್ ಆದರೆ ಕಾಗದದ ತುದಿ ಹಿಡಿದು ನೋಡಿ, ಅಂಟಂಟಾಗಿದ್ದರೆ ಒಮ್ಮೆ ಕರಗಿ ಕೆಳಗಿಳಿದದ್ದು. ಈ ಮೂರರಲ್ಲಿ ಯಾವುದಿದ್ದರೂ ವಾಪಸ್ ಕೊಡಿ, ಸಂಕೋಚ ಬೇಡ.

ಅಂಗಡಿಯ ಫ್ರೀಜರನ್ನೂ ಗಮನಿಸಿ. ಮೇಲಿನಿಂದ ಬಾಗಿಲು ತೆರೆಯುವ ಪೆಟ್ಟಿಗೆ ಮಾದರಿಯದು ನಮ್ಮ ಕಡೆಗೆ ಒಳ್ಳೆಯದು, ಏಕೆಂದರೆ ತಣ್ಣನೆಯ ಗಾಳಿ ಭಾರ, ಬಾಗಿಲು ತೆಗೆದರೂ ಕೆಳಗೇ ಕೂತಿರುತ್ತದೆ. ನಿಲುವು ಫ್ರೀಜರಿನ ಬಾಗಿಲು ತೆಗೆದರೆ ಅದು ಪಾದದ ಮೇಲೆ ಸುರಿದುಹೋಗುತ್ತದೆ. ಒಳಗಡೆ ಒಂದು ಗೆರೆ ಇರುತ್ತದೆ. ಅದರ ಮೇಲೆ ಮಾಲು ಪೇರಿಸಿದ್ದರೆ ಮೇಲಿನ ಸಾಲಿನದ್ದನ್ನು ತೆಗೆದುಕೊಳ್ಳಬೇಡಿ. ಬಿಲ್ ಉಳಿಸಲು ರಾತ್ರಿ ಫ್ರೀಜರ್ ಆಫ್ ಮಾಡುವವರಿದ್ದಾರೆ. ನನಗೆ ಇದರಷ್ಟು ಹೊಟ್ಟೆ ಉರಿಸಿದ ಸಂಗತಿ ಇನ್ನೊಂದಿಲ್ಲ. ಹಾಲು ಕರೆದವರು, ತಯಾರಿಸಿದವರು, ನಿದ್ದೆಗೆಟ್ಟು ಗಾಡಿ ಓಡಿಸಿದವರು, ಇಷ್ಟು ಜನರ ದುಡಿಮೆಯನ್ನು ಒಂದು ಸ್ವಿಚ್ಚು ನೀರು ಮಾಡುತ್ತದೆ.

ನೀವು ಸ್ಟಾರ್ ಕೊಡುವಾಗಲೂ ಇದನ್ನು ನೆನಪಿಟ್ಟುಕೊಂಡು ಬರೆಯಿರಿ: ‘ಮುಚ್ಚಳದಲ್ಲಿ ಹಿಮ ಕಟ್ಟಿತ್ತು’ ಎಂದು. ಅಂಗಡಿಯವರಿಗೂ ಕಂಪನಿಗೂ ಇನ್ನೊಬ್ಬ ಗ್ರಾಹಕರಿಗೂ ಅದರಿಂದ ಉಪಯೋಗ. ಬರೀ ‘ವರ್ಸ್ಟ್’ ಎಂದು ಬರೆದರೆ ಯಾರಿಗೂ ಇಲ್ಲ.

ಪ್ರಶ್ನೆ: ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಐಸ್‌ಕ್ರೀಂ ಅಂಗಡಿ ಪಕ್ಕದಲ್ಲೇ ಇನ್ನೊಂದು ಐಸ್‌ಕ್ರೀಂ ಅಂಗಡಿ ಬರುತ್ತದೆ. ಬಡಾವಣೆಗಳಲ್ಲಿ ಒಂದೂ ಇಲ್ಲ. ಹಂಚಿಕೊಂಡು ಕೂತರೆ ಇಬ್ಬರಿಗೂ ಒಳ್ಳೆಯದಲ್ಲವೇ?
(ಓದುಗರು, ಚಿಕ್ಕಮಗಳೂರು)

ಉತ್ತರ: ನಿಮಗೆ ಒಳ್ಳೆಯದು, ಅವರಿಗೆ ಧೈರ್ಯ ಸಾಲದು. ಅಮೆರಿಕದ ಹೆರಾಲ್ಡ್ ಹೋಟೆಲಿಂಗ್ ಎಂಬ ಅರ್ಥಶಾಸ್ತ್ರಜ್ಞರು 1929ರಲ್ಲೇ ಇದನ್ನು ಬರೆದರು. ಅವರು ಹೇಳಿದ್ದು ಒಂದು ಉದ್ದನೆಯ ಬೀದಿಯ ಅಂಗಡಿಗಳ ಬಗ್ಗೆ; ಪಾಠ ಮಾಡುವವರು ಅದನ್ನು ಸಮುದ್ರ ದಂಡೆಯ ಇಬ್ಬರು ಐಸ್‌ಕ್ರೀಂ ಮಾರುವವರ ಕಥೆಯಾಗಿ ಹೇಳುತ್ತಾರೆ. ಇಬ್ಬರೂ ದಂಡೆಯನ್ನು ಅರ್ಧರ್ಧ ಹಂಚಿಕೊಂಡು ನಿಂತರೆ ಎಲ್ಲರಿಗೂ ನಡಿಗೆ ಕಡಿಮೆ. ಆದರೆ ಒಬ್ಬ ನಡುವಿನತ್ತ ನಾಲ್ಕು ಹೆಜ್ಜೆ ಸರಿದರೆ ತನ್ನ ಹಿಂದಿನ ಗಿರಾಕಿ ತನಗೇ, ಜೊತೆಗೆ ಎದುರಾಳಿಯ ಕೆಲವರೂ. ಅವನೂ ಸರಿಯುತ್ತಾನೆ. ಕೊನೆಗೆ ಇಬ್ಬರೂ ಮಧ್ಯದಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲುತ್ತಾರೆ. ಬೆಲೆಯಲ್ಲೂ ಪೈಪೋಟಿಗೆ ಬಿದ್ದರೆ ದೂರ ದೂರ ಇರುವುದೇ ಲಾಭ ಎಂದು ಆಮೇಲಿನವರು ತಿದ್ದಿದರು. ಎಂ.ಆರ್.ಪಿ. ಅಚ್ಚಾಗಿ ಬರುವ ಮಾಲಿನಲ್ಲಿ ಬೆಲೆಯ ಪೈಪೋಟಿಗೆ ಜಾಗ ಕಡಿಮೆ, ಹಾಗಾಗಿ ಎಂ.ಜಿ. ರಸ್ತೆ ತುಂಬುತ್ತದೆ. ನಮ್ಮಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ: ಶನಿವಾರ, ಭಾನುವಾರ ಮುಳ್ಳಯ್ಯನಗಿರಿಯಿಂದ ಇಳಿದು ಬರುವ ಪ್ರವಾಸಿಗರು. ಅವರು ಬಡಾವಣೆಗೆ ಬರುವುದಿಲ್ಲ. ಸ್ಟಾರ್ ಕೊಡುವುದರಲ್ಲೂ ಅವರದೇ ಕೈ ಮುಂದು. ಆ ರಸ್ತೆಯ ಅಂಗಡಿಗಳ ಸ್ಟಾರ್‌ಗಳಲ್ಲಿ ಊರಿನವರ ರುಚಿ ಎಷ್ಟಿದೆ ಎಂದು ಯೋಚಿಸಿ ನೋಡಿ.

ಪ್ರಶ್ನೆ: ಒಂದು ಚೈನಿನವರು ಕಡೂರಿನಲ್ಲಿ ಫ್ರಾಂಚೈಸಿ ತೆಗೆದುಕೊಳ್ಳಿ ಎನ್ನುತ್ತಿದ್ದಾರೆ. ‘ನಮ್ಮ ಸರಾಸರಿ ರೇಟಿಂಗ್ 4.6’ ಎಂದು ತೋರಿಸುತ್ತಾರೆ. ಅಡಿಕೆ ಮಾರಿದ ದುಡ್ಡಿದೆ. ಹಾಕಬಹುದೇ?
(ಓದುಗರು, ಕಡೂರು)

ಉತ್ತರ: ದುಡ್ಡು ಹಾಕುವ ಮುಂಚೆ ಆ 4.6 ಎಲ್ಲಿಂದ ಬಂತು ಕೇಳಿ. ಉದಾಹರಣೆಗೆ ಹತ್ತು ಅಂಗಡಿಯ ಚೈನು ಎಂದುಕೊಳ್ಳಿ. ಬೆಂಗಳೂರಿನ ಎಂಟಕ್ಕೆ ತಲಾ 1,000 ಜನ ಸ್ಟಾರ್ ಕೊಟ್ಟಿದ್ದಾರೆ, ಸರಾಸರಿ 4.6. ಸಣ್ಣ ಊರಿನ ಎರಡಕ್ಕೆ ತಲಾ 50 ಜನ, ಸರಾಸರಿ 3.6. ಎಲ್ಲ 8,100 ಸ್ಟಾರ್‌ಗಳನ್ನು ಒಟ್ಟು ಹಾಕಿ ಭಾಗಿಸಿದರೆ ಉತ್ತರ 4.6. ಹತ್ತು ಅಂಗಡಿಯ ಸರಾಸರಿಗಳನ್ನು ಕೂಡಿ ಹತ್ತರಿಂದ ಭಾಗಿಸಿದರೆ 4.4. ಎರಡೂ ಸುಳ್ಳಲ್ಲ. ನಿಮಗೆ ಬೇಕಾದ ಸಂಖ್ಯೆ ಮಾತ್ರ 3.6, ಅದನ್ನು ಯಾರೂ ತೋರಿಸುವುದಿಲ್ಲ. ಕಡೂರಿನಷ್ಟು ದೊಡ್ಡ ಊರಿನಲ್ಲಿರುವ ಅವರ ಅಂಗಡಿ ಯಾವುದು, ತೆರೆದು ಎಷ್ಟು ವರ್ಷ ಆಯಿತು, ಮುಚ್ಚಿದ್ದು ಯಾವುವು, ಇದನ್ನು ಕೇಳಿ. ಮುಚ್ಚಿದ ಅಂಗಡಿಗೆ ನಕ್ಷೆಯಲ್ಲೂ ಸರಾಸರಿಯಲ್ಲೂ ಜಾಗ ಇರುವುದಿಲ್ಲ.

ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಲೂಕಾ 2011ರಲ್ಲಿ ಸಿಯಾಟಲ್ ನಗರದ ಹೋಟೆಲ್‌ಗಳ ಬಗ್ಗೆ ಒಂದು ಅಧ್ಯಯನ ಮಾಡಿದರು. ಒಂದು ಸ್ಟಾರ್ ಏರಿದರೆ ಆದಾಯ ಶೇ. 5ರಿಂದ 9ರಷ್ಟು ಏರುತ್ತದೆ ಎಂದು ಕಂಡಿತು. ಆದರೆ ಆ ಲಾಭ ಸ್ವಂತ ಹೆಸರಿನ ಹೋಟೆಲ್‌ಗಳಿಗೆ ಮಾತ್ರ, ಚೈನ್‌ಗಳಿಗೆ ಇರಲಿಲ್ಲ. ಚೈನಿನ ಬೋರ್ಡ್ ನೋಡಿದವರಿಗೆ ಏನು ಸಿಗುತ್ತದೆಂದು ಮೊದಲೇ ಗೊತ್ತು, ಸ್ಟಾರ್ ನೋಡುವ ಗೋಜಿಗೆ ಹೋಗುವುದಿಲ್ಲ. ಅಂದರೆ ಫ್ರಾಂಚೈಸಿ ತೆಗೆದುಕೊಂಡು ನೀವು ಎಷ್ಟೇ ಅಚ್ಚುಕಟ್ಟಾಗಿ ನಡೆಸಿದರೂ ಅದರ ಫಲ ನಿಮ್ಮ ಕೈಗೆ ಪೂರ್ತಿ ಬರುವುದು ಕಷ್ಟ.

ಕಡೂರಿನ ಪರವಾಗಿಯೂ ಹೇಳಬೇಕು. ಮೂಡಿಗೆರೆ, ಕೊಪ್ಪದಂತೆ ತಿಂಗಳುಗಟ್ಟಲೆ ಮಳೆ ಹೊಡೆಯುವ ಊರಲ್ಲ, ಬಯಲು ಸೀಮೆ, ಬಿಸಿಲಿದೆ, ರೈಲಿದೆ, ಹೆದ್ದಾರಿಯಿದೆ. ವ್ಯಾಪಾರಕ್ಕೆ ಊರು ಅಡ್ಡಿಯಲ್ಲ. ಕರಾರಿನಲ್ಲಿ ಮೂರು ಮಾತು ಬರೆಸಿಕೊಳ್ಳಿ: ವಾರಕ್ಕೆ ಎಷ್ಟು ಸಲ ಗಾಡಿ ಬರುತ್ತದೆ, ದಾರಿಯಲ್ಲಿ ಕೆಟ್ಟ ಮಾಲನ್ನು ಯಾರು ಭರಿಸುತ್ತಾರೆ, ಬೀರೂರಿನಲ್ಲಿ ಇನ್ನೊಬ್ಬರಿಗೆ ಕೊಡುತ್ತಾರೋ ಇಲ್ಲವೋ. ಇವುಗಳಿಗೆ ಬಾಯಿಮಾತಿನ ಉತ್ತರ ಬಂದರೆ ಅಡಿಕೆ ದುಡ್ಡು ಬ್ಯಾಂಕಿನಲ್ಲೇ ಇರಲಿ.

ಪ್ರಶ್ನೆ: ಕೆಲವು ಡಬ್ಬಿಗಳ ಮೇಲೆ ಐಸ್‌ಕ್ರೀಂ ಎಂದೇ ಬರೆದಿರುವುದಿಲ್ಲ, ಫ್ರೋಜನ್ ಡೆಸರ್ಟ್ ಎಂದಿರುತ್ತದೆ. ವ್ಯತ್ಯಾಸ ಏನು?
(ಓದುಗರು, ಬೇಲೂರು)

ಉತ್ತರ: ಐಸ್‌ಕ್ರೀಂ ಅಂದರೆ ಹಾಲಿನ ಕೊಬ್ಬು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಐಸ್‌ಕ್ರೀಂನಲ್ಲಿ ಕನಿಷ್ಠ ಶೇ. 10 ಹಾಲಿನ ಕೊಬ್ಬು ಇರಬೇಕು, ಶೇ. 2.5ರಿಂದ 10ರೊಳಗೆ ಇದ್ದರೆ ಮಧ್ಯಮ ಕೊಬ್ಬಿನದು. ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಹಾಕಿದರೆ ಅದು ಫ್ರೋಜನ್ ಡೆಸರ್ಟ್. ವಿಷವಲ್ಲ, ಆದರೆ ಬೇರೆ ಪದಾರ್ಥ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಸ್ಟಾರ್ ಹೋಲಿಸಬೇಡಿ. ಇನ್ನೊಂದು: ಒಂದು ಲೀಟರ್ ಐಸ್‌ಕ್ರೀಂ ಕನಿಷ್ಠ 525 ಗ್ರಾಂ ತೂಗಬೇಕು, ಉಳಿದದ್ದು ಗಾಳಿ. ಮನೆಯಲ್ಲಿ ಅಡುಗೆ ತಕ್ಕಡಿ ಇದ್ದರೆ ಡಬ್ಬಿ ತೂಗಿ, ಖಾಲಿ ಡಬ್ಬಿಯ ತೂಕ ಕಳೆಯಿರಿ. ಒಂದೇ ಬೆಲೆಯ, ಒಂದೊಂದು ಲೀಟರಿನ ಎರಡು ಡಬ್ಬಿಗಳಲ್ಲಿ ಯಾವುದು ಹೆಚ್ಚು ಗಾಳಿ ಮಾರುತ್ತಿದೆ ಎಂದು ಗೊತ್ತಾಗುತ್ತದೆ.

ಪ್ರಶ್ನೆ: ಸ್ವಂತ ಐಸ್‌ಕ್ರೀಂ ಅಂಗಡಿ ನಡೆಸುತ್ತೇನೆ. ಒಂದೇ ವಾರದಲ್ಲಿ ಹೆಸರೇ ಕೇಳದ ಖಾತೆಗಳಿಂದ ಸಾಲಾಗಿ ಒಂದು ಸ್ಟಾರ್ ಬಿದ್ದಿದೆ. ಒಬ್ಬರೂ ಏನೂ ಬರೆದಿಲ್ಲ. ನಾನೂ ನೆಂಟರಿಷ್ಟರಿಂದ ಐದೈದು ಹಾಕಿಸಲೇ?
(ಓದುಗರು, ಮೂಡಿಗೆರೆ)

ಉತ್ತರ: ಬೇಡ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಮೇಲೆ ಕಡೂರಿನವರಿಗೆ ಹೇಳಿದಂತೆ ಸ್ಟಾರ್‌ನ ಪೆಟ್ಟು ತಾಗುವುದು ನಿಮ್ಮಂಥ ಸ್ವಂತ ಹೆಸರಿನವರಿಗೇ. ಆದರೆ ನೆಂಟರ ಸ್ಟಾರ್ ಹಾಕಿಸಿದರೆ ನಾಳೆ ನಿಜವಾದ ದೂರು ಕೊಡುವಾಗ ನಿಮ್ಮ ಕೈಯೂ ಕೆಸರಾಗಿರುತ್ತದೆ. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಆನ್‌ಲೈನ್ ವಿಮರ್ಶೆಗಳಿಗೆಂದೇ ಐಎಸ್ 19000 ಎಂಬ ಮಾನದಂಡ ತಂದಿದೆ. ವಿಮರ್ಶೆ ಬರೆದವರು ನಿಜವಾದ ಮನುಷ್ಯರೇ ಎಂದು ಪರಿಶೀಲಿಸುವುದು ಹೇಗೆ, ದುಡ್ಡು ಕೊಟ್ಟು ಬರೆಸಿದ್ದನ್ನು ತಡೆಯುವುದು ಹೇಗೆ ಎಂಬುದೆಲ್ಲ ಅದರಲ್ಲಿದೆ.

ನೀವು ಈ ಕೆಲಸ ಮಾಡಿ. ಆ ಖಾತೆಗಳ ಸ್ಕ್ರೀನ್‌ಶಾಟ್ ದಿನಾಂಕ ಸಮೇತ ತೆಗೆದಿಟ್ಟುಕೊಂಡು ಆ್ಯಪ್‌ನವರಿಗೆ ದೂರು ಕೊಡಿ. ಪ್ರತಿಯೊಂದರ ಕೆಳಗೂ ಸಿಟ್ಟಿಲ್ಲದೆ ಒಂದೇ ಸಾಲು ಬರೆಯಿರಿ: ಯಾವ ದಿನ ಬಂದಿದ್ದಿರಿ, ಏನು ತಿಂದಿರಿ ತಿಳಿಸಿ, ಸರಿಪಡಿಸುತ್ತೇವೆ ಎಂದು. ಓದುವವರು ಉತ್ತರವನ್ನೂ ಓದುತ್ತಾರೆ. ನಿಮ್ಮ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆಯನ್ನು ಗಲ್ಲಾ ಪೆಟ್ಟಿಗೆಯ ಹಿಂದೆ ದೊಡ್ಡದಾಗಿ ತೂಗುಹಾಕಿ, ಪಕ್ಕದಲ್ಲಿ ಫ್ರೀಜರಿನ ಥರ್ಮಾಮೀಟರು ಗಿರಾಕಿಗೆ ಕಾಣುವಂತೆ ಇಡಿ. ಕರೆಂಟು ಹೋದ ದಿನ ‘ಇವತ್ತು ಐಸ್‌ಕ್ರೀಂ ಇಲ್ಲ’ ಎಂಬ ಬೋರ್ಡು ಹಾಕಲು ಹಿಂದೆಮುಂದೆ ನೋಡಬೇಡಿ. ಜುಲೈನಲ್ಲಿ ಮೂಡಿಗೆರೆಗೆ ಬಂದ ಪ್ರವಾಸಿಗರಿಗೆ ಸಿಟ್ಟು ಬರಬಹುದು. ಮಕ್ಕಳ ಕೈಗೆ ಕೆಟ್ಟ ಮಾಲು ಕೊಡಲಿಲ್ಲ ಎಂದು ಊರಿನವರಿಗೆ ಗೊತ್ತಿರುತ್ತದೆ. ಮಿಕ್ಕ ತಿಂಗಳುಗಳಲ್ಲಿ ನಿಮ್ಮ ಬಾಗಿಲಿಗೆ ಬರುವವರು ಅವರೇ.